ದನದ ಬಾಯಿ, ಕಾವಲಿನ ಹುಲ್ಲು



ಈ ಉಪನ್ಯಾಸಕ್ಕೆ ನನ್ನನ್ನು ಕರೆದವರು ವಿಷಯ ಏನೆಂದು ಫೋನಿನಲ್ಲಿ ಕೇಳಿದರು. ‘ದನ ಮೇಯಿಸುವುದು’ ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಆಮೇಲೆ, ‘ಸರ್, ಆಹ್ವಾನ ಪತ್ರಿಕೆಗೆ ಸ್ವಲ್ಪ ಗಂಭೀರವಾಗಿದ್ದರೆ ಚೆನ್ನಾಗಿತ್ತು’ ಎಂದರು. ಕೊನೆಗೆ ಅಚ್ಚಾದದ್ದು ‘ಸಾರ್ವಜನಿಕ ಹುಲ್ಲುಗಾವಲುಗಳ ನಿರ್ವಹಣೆಯಲ್ಲಿ ಜಾನುವಾರುಗಳ ಪಾತ್ರ’ ಎಂದು. ಅವರದು ತಪ್ಪಲ್ಲ. ಓದದ ಹುಡುಗನಿಗೆ ‘ದನ ಕಾಯೋಕೆ ಹೋಗು’ ಎಂದು ಬೈಯುವ ನಾಡು ನಮ್ಮದು. ಬೈಗುಳವಾಗಿ ಬಳಸುವ ಕೆಲಸದ ಮೇಲೆ ದತ್ತಿ ಉಪನ್ಯಾಸ ಎಂದರೆ ಯಾರಿಗಾದರೂ ಮುಜುಗರವೇ. ಪಶುವೈದ್ಯನಾಗಿ ಮೂವತ್ತು ವರ್ಷ ದನಗಳ ಹಿಂದೆಯೇ ತಿರುಗಿದವನಿಗೆ ಮಾತ್ರ, ದನ ಕಾಯುವುದು ಎಷ್ಟು ಓದು ಬೇಡುವ ಕೆಲಸ ಎಂಬುದು ನಿವೃತ್ತಿಯ ಹೊತ್ತಿಗೆ ಸ್ವಲ್ಪ ತಿಳಿಯಿತು. ಆ ಸ್ವಲ್ಪವನ್ನು ಇಲ್ಲಿ ಹಂಚಿಕೊಳ್ಳುತ್ತೇನೆ.

ಮೊದಲು ಒಂದು ದೂರದ ಗುಡ್ಡದ ಮಾತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವಕ್ಕೆ ಫ್ರೀಮಾಂಟ್ ಎಂಬ ಊರಿದೆ. ಕಂಪ್ಯೂಟರ್ ಕೆಲಸಕ್ಕೆ ಹೋಗಿ ನೆಲೆ ನಿಂತ ಕನ್ನಡಿಗರು ಅಲ್ಲಿ ಬಹಳ. ನನ್ನ ಮಗಳ ಮನೆಯೂ ಅಲ್ಲೇ. ಊರಿನ ಬೆನ್ನಿಗೆ ಮಿಷನ್ ಪೀಕ್ ಎಂಬ ಹುಲ್ಲುಗುಡ್ಡ, ಎತ್ತರ 2,500 ಅಡಿ ದಾಟುತ್ತದೆ. ರಜೆಯ ದಿನ ಜನ ಜಾತ್ರೆಗೆ ಹೋಗುವ ಹಾಗೆ ಅದನ್ನು ಹತ್ತುತ್ತಾರೆ. ನಾನೂ ಏದುಸಿರು ಬಿಡುತ್ತಾ ಅರ್ಧ ಹತ್ತಿದ್ದೆ. ಮುಂದಿದ್ದ ಅಳಿಯ ತಿರುಗಿ, ‘ಮಾವ, ನಿಮ್ಮ ಪೇಷೆಂಟುಗಳು ಬಂದಿದ್ದಾರೆ ನೋಡಿ’ ಎಂದ. ಕಾಲುದಾರಿಯ ನಡುವೆಯೇ ಏಳೆಂಟು ಕಪ್ಪು ಹಸುಗಳು ಕರುಗಳ ಸಮೇತ ನಿಂತು, ಹತ್ತುವವರನ್ನೆಲ್ಲ ನಿರ್ಲಕ್ಷ್ಯದಿಂದ ನೋಡುತ್ತಿದ್ದವು. ‘ಯಾರದಯ್ಯ ಇವು? ಇದು ಸರ್ಕಾರದ ಪಾರ್ಕು ಅಲ್ಲವೇ?’ ಎಂದೆ. ಪಾರ್ಕಿನದೇ ಜಾಗ, ದನ ನುಗ್ಗಿದ್ದಲ್ಲ, ಕರೆದು ಬಿಟ್ಟದ್ದು ಎಂದ.

ಮನೆಗೆ ಬಂದು ಅದರ ವಿವರ ಹುಡುಕಿದೆ. ಆ ಗುಡ್ಡಗಳನ್ನು ನೋಡಿಕೊಳ್ಳುವುದು ಈಸ್ಟ್ ಬೇ ರೀಜನಲ್ ಪಾರ್ಕ್ ಡಿಸ್ಟ್ರಿಕ್ಟ್ ಎಂಬ ಸಾರ್ವಜನಿಕ ಸಂಸ್ಥೆ. 1934ರಲ್ಲಿ, ದುಡ್ಡಿನ ಮುಗ್ಗಟ್ಟಿನ ಕಾಲದಲ್ಲೇ, ಅಲ್ಲಿನ ಜನ ಮತ ಹಾಕಿ ತಮ್ಮ ಮೇಲೆ ತಾವೇ ತೆರಿಗೆ ಹೇರಿಕೊಂಡು ಕಟ್ಟಿದ್ದು. ಇಂದು ಅದರ ಕೈಯಲ್ಲಿ ಒಂದು ಲಕ್ಷ ಎಕರೆಗೂ ಹೆಚ್ಚು ನೆಲವಿದೆ. ಅದರ ಹುಲ್ಲುಗುಡ್ಡಗಳ ಬಹುಭಾಗದಲ್ಲಿ ದನ ಮೇಯುತ್ತವೆ. ದನ ಸಂಸ್ಥೆಯವಲ್ಲ, ಸುತ್ತಲಿನ ದನಗಾರರವು. ಗುತ್ತಿಗೆ ಹಿಡಿದು, ಬಾಡಿಗೆ ಕಟ್ಟಿ ಮೇಯಿಸುತ್ತಾರೆ. ಯಾವ ಗುಡ್ಡಕ್ಕೆ ಎಷ್ಟು ದನ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಎಂಬುದನ್ನು ಗೊತ್ತುಮಾಡುವುದು ಪಾರ್ಕಿನವರು. ಕರುವಿರುವ ಒಂದು ಹಸು ಒಂದು ತಿಂಗಳಲ್ಲಿ ತಿನ್ನುವ ಮೇವು ಅವರ ಲೆಕ್ಕದ ಮಾನ. ನಮ್ಮಲ್ಲಿ ಸೇರು, ಕೊಳಗ ಇದ್ದ ಹಾಗೆ.

ಪಶುವೈದ್ಯನಾದ ನನಗೆ ಇಷ್ಟರಲ್ಲಿ ಹೊಸದೇನೂ ಕಾಣಲಿಲ್ಲ. ಹೊಸದು ಕಂಡದ್ದು ಆಮೇಲೆ. ಮೇಯಿಸುವ ಕಾಲ ಮುಗಿದು, ಮಳೆ ಬರುವ ಮುಂಚೆ ಅಲ್ಲಿ ಇನ್ನೊಂದು ಅಳತೆ ನಡೆಯುತ್ತದೆ. ಗುಡ್ಡದ ಮೇಲೆ ಅಲ್ಲಲ್ಲಿ ಒಂದು ಸಣ್ಣ ಚೌಕಟ್ಟು ಇಟ್ಟು, ಅದರೊಳಗೆ ಒಣಗಿ ನಿಂತಿರುವ ಹುಲ್ಲನ್ನು ಬುಡಕ್ಕೆ ಕತ್ತರಿಸಿ ತೂಗುತ್ತಾರೆ. ದನ ಎಷ್ಟು ತಿಂದವು ಎಂಬುದು ಅವರಿಗೆ ಬೇಕಿಲ್ಲ. ಎಷ್ಟು ಬಿಟ್ಟವು ಎಂಬುದು ಬೇಕು. ಇಳಿಜಾರು ಎಷ್ಟಿದೆ, ಮಳೆ ಎಷ್ಟು ಬೀಳುತ್ತದೆ, ಮರದ ನೆರಳು ಎಷ್ಟಿದೆ ಎಂದು ನೋಡಿ, ಎಕರೆಗೆ ಕೆಲವು ನೂರು ಪೌಂಡಿನಿಂದ ಸಾವಿರ ಮೀರುವವರೆಗೆ ಒಣಹುಲ್ಲು ಉಳಿದಿರಲೇಬೇಕು ಎಂದು ಕಟ್ಟುಮಾಡಿಕೊಂಡಿದ್ದಾರೆ. ಕಡಿಮೆ ಉಳಿದರೆ ಮಣ್ಣು ಕೊಚ್ಚಿಹೋಗುತ್ತದೆ. ಮುಂದಿನ ವರ್ಷ ದನದ ಸಂಖ್ಯೆ ಇಳಿಸಬೇಕು. ವಿಪರೀತ ಉಳಿದರೆ ಬೇಸಿಗೆಯಲ್ಲಿ ಒಂದು ಕಿಡಿ ಸಾಕು, ದನ ಹೆಚ್ಚಿಸಬೇಕು. ಆ ಸೀಮೆಗೆ ಮಳೆ ಚಳಿಗಾಲದಲ್ಲಿ ಬರುತ್ತದೆ, ಬೇಸಿಗೆ ಪೂರ್ತಿ ಒಣ. ಮೇ ತಿಂಗಳು ಕಳೆಯುತ್ತಿದ್ದಂತೆ ಗುಡ್ಡವೆಲ್ಲ ಹೊಂಬಣ್ಣಕ್ಕೆ ತಿರುಗುತ್ತದೆ. ಫೋಟೋ ತೆಗೆಯಲು ಅದು ಚೆಲುವು. ಗುಡ್ಡದ ಕೆಳಗೆ ಮನೆ ಮಾಡಿಕೊಂಡವರಿಗೆ ಅದೇ ಸೌದೆ.

ಈ ‘ಬಿಟ್ಟ ಹುಲ್ಲಿನ’ ಲೆಕ್ಕ ಓದುತ್ತಿದ್ದಾಗ ನನಗೆ ನೆನಪಾದದ್ದು ಕ್ಯಾಲಿಫೋರ್ನಿಯಾ ಅಲ್ಲ, ಅಜ್ಜಂಪುರದ ಸೀಮೆ. ನೌಕರಿಗೆ ಸೇರಿದ ಹೊಸತು. ಒಂದು ಕಾವಲಿನಲ್ಲಿ ಅಮೃತಮಹಲ್ ಹಿಂಡಿಗೆ ಲಸಿಕೆ ಹಾಕಲು ಹೋಗಿದ್ದೆ. ಅಮೃತಮಹಲ್ ದನಕ್ಕೆ ಸೂಜಿ ಚುಚ್ಚುವುದೆಂದರೆ ಏನೆಂದು ಚುಚ್ಚಿದವರಿಗೇ ಗೊತ್ತು. ಕೊಟ್ಟಿಗೆ ಕಾಣದ, ಬಿಸಿಲು ಮಳೆ ಎನ್ನದೆ ರಾತ್ರಿ ಹಗಲು ಬಯಲಲ್ಲೇ ಬೆಳೆದ ಜೀವ. ಕಾಯುವವನ ದನಿ ಬಿಟ್ಟು ಬೇರೆಯವರ ವಾಸನೆಯನ್ನೂ ಸಹಿಸುವುದಿಲ್ಲ. ಆ ಹಿಂಡನ್ನು ಕಾಯುತ್ತಿದ್ದ ಅಜ್ಜ ಸಂಜೆ, ‘ನಾಳಿಕ್ಕೆ ದನ ಎಬ್ಬಸ್ಬೇಕು ಡಾಕ್ಟ್ರೆ, ಉಳಿದಿದ್ದಕ್ಕೆ ಸೂಜಿ ಆ ಕಾವಲ್ನಾಗೆ ಹಾಕ್ರಿ’ ಎಂದ. ನನಗೆ ಸಿಟ್ಟು ಬಂತು. ‘ಇನ್ನೂ ಇಷ್ಟು ಹುಲ್ಲಿದೆಯಲ್ಲಜ್ಜ, ನಾಲ್ಕು ದಿನ ಇರಲಿ’ ಎಂದೆ. ಆತ ಬಗ್ಗಿ ಗೇಣುದ್ದದ ಒಣ ಹುಲ್ಲಿನ ಒಂದು ಬುಡ ಹಿಡಿದು ತೋರಿಸಿದ. ‘ಇದು ದನಿನ ಪಾಲಲ್ಲ. ನೆಲದ ಪಾಲು.’ ಮರುದಿನ ಬೆಳಗ್ಗೆ ನಾನು ಏಳುವ ಹೊತ್ತಿಗೆ ಹಿಂಡು ಹೊರಟುಹೋಗಿತ್ತು. ಜೀಪಿನಲ್ಲಿ ಧೂಳು ನುಂಗುತ್ತಾ ಹಿಂದೆ ಹೋದೆ.

ಅಜ್ಜನ ಮಾತು ಅವನೊಬ್ಬನದಲ್ಲ, ಒಂದು ಹಳೆಯ ಆಡಳಿತದ ಉಳಿಕೆ. ಚಿಕ್ಕದೇವರಾಜ ಒಡೆಯರು 1673ರಿಂದ 1704ರವರೆಗೆ ಮೈಸೂರನ್ನು ಆಳಿದರು. ಅರಮನೆಗೆ ಹಾಲು ಬೆಣ್ಣೆ ಒದಗಿಸುವ ‘ಬೆಣ್ಣೆ ಚಾವಡಿ’ಗೆ ರಾಜ್ಯದ ಉದ್ದಗಲಕ್ಕೆ ಕಾವಲುಗಳನ್ನು ಗೊತ್ತುಮಾಡಿದವರು ಅವರು. ಹೈದರಾಲಿಯ ಕಾಲಕ್ಕೆ ಅದೇ ಹಿಂಡುಗಳು ಫಿರಂಗಿ ಎಳೆಯುವ ಎತ್ತುಗಳ ಮೂಲವಾದವು. ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟು, ದನಗಳ ಪಾಲನೆಗೆ ಹುಕುಂನಾಮೆಯನ್ನೇ ಹೊರಡಿಸಿದ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಕಡೆಯ ರಕ್ತ ಸೇರಿ ನಿಂತ ತಳಿ ಇದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರಿಗೆ ಕೋಟೆಯಷ್ಟೇ ಇಷ್ಟವಾದದ್ದು ಈ ಎತ್ತುಗಳು. ಅವರೂ ಒಂದು ಎಡವಟ್ಟು ಮಾಡಿದರು: 1860ರಲ್ಲಿ ಮದರಾಸಿನ ಗವರ್ನರ್ ಟ್ರೆವೆಲ್ಯಾನ್ ಖರ್ಚು ಉಳಿಸುತ್ತೇನೆಂದು ಹಿಂಡುಗಳನ್ನು ಮಾರಿಸಿಬಿಟ್ಟ. ಒಳ್ಳೆಯ ದನಗಳಲ್ಲಿ ಕೆಲವು ಈಜಿಪ್ಟಿನ ಪಾಷಾನ ಪಾಲಾದವು. ಸೇನೆಗೆ ಎತ್ತು ಸಿಗದೆ, ಆರೇಳು ವರ್ಷದೊಳಗೆ ಎಲ್ಲವನ್ನೂ ಮತ್ತೆ ಕಟ್ಟಬೇಕಾಯಿತು. ಉಳಿತಾಯದ ಕಡತಗಳಿಗೆ ಇಂಥ ಚಾಳಿ ಮುಂಚಿನಿಂದಲೂ ಇದೆ.

ಈ ಚರಿತ್ರೆಯಲ್ಲಿ ಎಲ್ಲರೂ ಎತ್ತನ್ನು ಹಾಡಿ ಹೊಗಳುತ್ತಾರೆ. ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದದ್ದು, ಕುದುರೆ ಸವಾರರ ಸಮಕ್ಕೆ ಹೆಜ್ಜೆ ಹಾಕಿದ್ದು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಹುಲ್ಲಿನ ವ್ಯವಸ್ಥೆ. ಕಾವಲುಗಳನ್ನು ಮಳೆಗಾಲದ್ದು, ಚಳಿಗಾಲದ್ದು, ಬೇಸಿಗೆಯದು ಎಂದು ಮೂರಾಗಿ ವಿಂಗಡಿಸಿದ್ದರು. ಬೇಸಿಗೆಗೆ ನೀರು ನೆರಳಿರುವ ತಾವು. ಆ ತಾವನ್ನು ಮಳೆಗಾಲದಲ್ಲಿ ಮುಟ್ಟುವಂತಿಲ್ಲ. ಹುಲ್ಲು ಬೆಳೆದು, ತೆನೆಗಟ್ಟಿ, ಬೀಜ ಉದುರಿಸಿ, ನಿಂತಲ್ಲೇ ಒಣಗಿ ಮೇವಾಗಬೇಕು. ಹಿಂಡು ಒಂದು ಕಡೆ ಮೇಯುತ್ತಿರುವಾಗ ಎರಡು ಕಡೆ ನೆಲ ಉಸಿರಾಡುತ್ತಿತ್ತು. ಒಂದು ಕಾಲಕ್ಕೆ ಹೀಗೆ ನಾಲ್ಕು ಲಕ್ಷ ಎಕರೆಯಷ್ಟು ಕಾವಲು ಹಾಸನ, ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರಿನ ಸೀಮೆಗಳಲ್ಲಿ ಹರಡಿತ್ತು. ಇಂದು ಅದರ ಐದರಲ್ಲೊಂದು ಪಾಲೂ ಇಲ್ಲ.

‘ಕಾವಲು’ ಎಂಬ ಮಾತನ್ನೇ ನೋಡಿ. ಕಾಯುವುದೂ ಕಾವಲು, ಮೇಯುವ ಬಯಲೂ ಕಾವಲು. ದನ ಬರದಂತೆ ಕಾಯುವುದಾಗಿದ್ದರೆ ಅದು ಹೊಲ ಆಗುತ್ತಿತ್ತು. ಯಾರ ದನ ಬೇಕಾದರೂ ಯಾವಾಗ ಬೇಕಾದರೂ ಬರಬಹುದಾಗಿದ್ದರೆ ಅದಕ್ಕೆ ಬಯಲು ಎಂಬ ಹೆಸರೇ ಸಾಕಿತ್ತು. ದನವೂ ಇರಬೇಕು, ಕಾಯುವವನೂ ಇರಬೇಕು ಎಂಬ ಎರಡು ಷರತ್ತನ್ನು ನಮ್ಮ ಹಿರಿಯರು ಒಂದೇ ಮಾತಿಗೆ ತುಂಬಿಟ್ಟರು. ನಾವು ಮುಂದೆ ಮಾಡಿದ ತಪ್ಪುಗಳೆಲ್ಲ ಈ ಎರಡರಲ್ಲಿ ಒಂದನ್ನು ಬಿಟ್ಟದ್ದರಿಂದ ಆದವು ಎಂಬುದು ನನ್ನ ವಾದ.

ಹುಲ್ಲಿನ ಗುಟ್ಟು ಇರುವುದು ಅದರ ಬುಡದಲ್ಲಿ. ಗಿಡ ಮರಗಳ ಕುಡಿ ತುದಿಯಲ್ಲಿರುತ್ತದೆ. ತುದಿ ಚಿವುಟಿದರೆ ಅಲ್ಲಿಗೆ ಬೆಳವಣಿಗೆ ಕುಂಠಿತ. ಹುಲ್ಲಿನ ಕುಡಿ ನೆಲಕ್ಕೆ ಅಂಟಿಕೊಂಡಿರುತ್ತದೆ. ಗರಿಕೆಯನ್ನು ದನ ಎಷ್ಟು ಕಚ್ಚಿದರೂ ಅದು ಮತ್ತೆ ಬರುವುದು ಅದಕ್ಕೇ. ಕೋಟ್ಯಂತರ ವರ್ಷ ಮೇಯುವ ಬಾಯಿಯ ಜೊತೆಗೇ ಬೆಳೆದು ಬಂದ ಜಾತಿ ಅದು. ಬಾಯಿ ಪೂರ್ತಿ ಇಲ್ಲವಾದರೆ ಎತ್ತರದ ಒರಟು ಹುಲ್ಲು ಒಣಗಿ, ಬಿದ್ದು, ಚಾಪೆಯಂತೆ ನೆಲ ಮುಚ್ಚುತ್ತದೆ. ಅದರಡಿ ಸಣ್ಣ ಹುಲ್ಲಿಗೂ ಹೂಗಿಡಕ್ಕೂ ಬೆಳಕಿಲ್ಲ. ಬಾಯಿ ವಿಪರೀತವಾದರೆ ಇನ್ನೊಂದು ಕಷ್ಟ: ರುಚಿಯ ಹುಲ್ಲು ಚಿಗುರಿದ ಕೂಡಲೇ ಮತ್ತೆ ಮತ್ತೆ ಕಚ್ಚಿಸಿಕೊಂಡು ಬೇರು ಸೊರಗುತ್ತದೆ, ದನ ಮೂಸದ ಮುಳ್ಳು, ಕಾಂಗ್ರೆಸ್ ಗಿಡ, ಬಳ್ಳಾರಿ ಜಾಲಿ ಆ ಜಾಗಕ್ಕೆ ಬರುತ್ತವೆ. ಎರಡೂ ಕಡೆಯ ನಡುವೆ ಒಂದು ಓಣಿಯಿದೆ. ಅಜ್ಜ ನಡೆಯುತ್ತಿದ್ದದ್ದು ಆ ಓಣಿಯಲ್ಲಿ.

ಬಾಯಿಯನ್ನು ಪೂರ್ತಿ ತೆಗೆದರೆ ಏನಾಗುತ್ತದೆಂದು ನಮ್ಮ ದೇಶಕ್ಕೆ ತೋರಿಸಿಕೊಟ್ಟದ್ದು ರಾಜಸ್ಥಾನದ ಭರತ್‌ಪುರ. ಕೇವಲಾದೇವ್ ಎಂಬ ಆ ಜವುಗು ನೆಲ 29 ಚದರ ಕಿಲೋಮೀಟರ್, ಮಹಾರಾಜರು ಬಾತುಕೋಳಿ ಬೇಟೆಗೆ ಕಟ್ಟಿಸಿದ್ದು. 1938ರಲ್ಲಿ ವೈಸ್‌ರಾಯ್ ಲಿನ್‌ಲಿತ್‌ಗೋ ಬಂದ ದಿನ ಒಂದೇ ಬೇಟೆಯಲ್ಲಿ 4,273 ಹಕ್ಕಿ ಬಿದ್ದವಂತೆ. ಕಲ್ಲಿನ ಮೇಲೆ ಕೆತ್ತಿಸಿಟ್ಟಿದ್ದಾರೆ. ಮುಂದೆ ಅದು ರಾಷ್ಟ್ರೀಯ ಉದ್ಯಾನವಾಯಿತು. ಸುತ್ತಲ ಹಳ್ಳಿಗಳ ಎಮ್ಮೆಗಳು ಅನಾದಿಯಿಂದ ಅಲ್ಲಿ ಇಳಿದು ಮೇಯುತ್ತಿದ್ದವು. 1982ರ ನವೆಂಬರಿನಲ್ಲಿ ಮೇಯಿಸುವುದನ್ನು ಒಮ್ಮೆಗೇ ನಿಷೇಧಿಸಿದರು. ಹಳ್ಳಿಗರು ಎದುರು ನಿಂತರು, ಪೊಲೀಸರ ಗುಂಡಿಗೆ ಜನ ಸತ್ತರು. ನಿಷೇಧ ಬೇಕು ಎಂದವರಲ್ಲಿ ಪಕ್ಷಿತಜ್ಞ ಸಲೀಂ ಅಲಿಯಂಥ ದೊಡ್ಡವರೂ ಇದ್ದರು. ಹಕ್ಕಿಗೆ ಎಮ್ಮೆ ಶತ್ರು ಎಂಬುದು ಆಗಿನ ತಿಳಿವಳಿಕೆ.

ಅದೇ ಹೊತ್ತಿಗೆ, ಸಲೀಂ ಅಲಿಯವರದೇ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಅಲ್ಲಿ ಹತ್ತು ವರ್ಷಗಳ ಅಧ್ಯಯನ ನಡೆಸುತ್ತಿತ್ತು. ವಿ. ಎಸ್. ವಿಜಯನ್ ಅವರ ಮುಂದಾಳುತನದಲ್ಲಿ ಹೊರಬಂದ ಫಲಿತಾಂಶ ಉಲ್ಟಾ. ಎಮ್ಮೆ ಹೋದ ಮೇಲೆ ಪಾಸ್ಪಲಮ್ ಎಂಬ ನೀರುಹುಲ್ಲು ಅಂಕೆ ತಪ್ಪಿ ಹಬ್ಬಿತು. ತೆರೆದ ನೀರು ಮುಚ್ಚಿತು. ಈಜುವ ಬಾತಿಗೂ ಗೆಡ್ಡೆ ಕೆದಕುವ ಕೊಕ್ಕರೆಗೂ ಜಾಗ ಕಿರಿದಾಯಿತು. ಎಮ್ಮೆ ಬೇಕಿತ್ತು ಎಂದು ವರದಿ ಬರೆದರು. ಹಳ್ಳಿಯವರಿಗೆ ಹುಲ್ಲು ಕೊಯ್ಯಲು ಚೀಟಿ ಕೊಡುವ ಏರ್ಪಾಡು ಬಂತು. ಎಮ್ಮೆ ಪುಕ್ಕಟೆ ಮಾಡುತ್ತಿದ್ದ ಕೆಲಸಕ್ಕೆ ಈಗ ಕುಡುಗೋಲು. ತಮ್ಮ ಸಂಸ್ಥೆಯ ಹಿರಿಯರ ನಂಬಿಕೆಗೆ ವಿರುದ್ಧವಾದದ್ದನ್ನು ಬಚ್ಚಿಡದೆ ಬರೆದ ಆ ವಿಜ್ಞಾನಿಗಳ ಬಗ್ಗೆ ನನಗೆ ಗೌರವ. ಸತ್ತ ಹಳ್ಳಿಗರಿಗೆ ಮಾತ್ರ ಆ ವರದಿ ತಡವಾಗಿತ್ತು.

ಇಂಥದೇ ಕಥೆ ಫ್ರೀಮಾಂಟಿನ ದಕ್ಷಿಣಕ್ಕೂ ಇದೆ, ಅಲ್ಲಿ ಪಾತ್ರಧಾರಿ ಒಂದು ಪಾತರಗಿತ್ತಿ. ಸ್ಯಾನ್ ಹೋಸೆಯ ಬಳಿ ಸರ್ಪೆಂಟೈನ್ ಕಲ್ಲಿನಿಂದ ಆದ ಬಡ ಮಣ್ಣಿನ ಗುಡ್ಡಗಳಿವೆ. ಸಾರಜನಕ ತೀರ ಕಡಿಮೆ. ಸ್ಪೇನಿನವರು 1769ರಿಂದ ತಂದ ದನಗಳ ಜೊತೆ ಮೆಡಿಟರೇನಿಯನ್ ಸೀಮೆಯ ಹುಲ್ಲುಬೀಜಗಳೂ ಬಂದು ಕ್ಯಾಲಿಫೋರ್ನಿಯಾವನ್ನೆಲ್ಲ ಆವರಿಸಿದರೂ, ಈ ಬಡ ಮಣ್ಣಿಗೆ ಅವು ಕಾಲಿಡಲಾಗಲಿಲ್ಲ. ಹಾಗಾಗಿ ಸ್ಥಳೀಯ ಹೂಗಿಡಗಳು ಅಲ್ಲಿ ಬದುಕಿಕೊಂಡಿದ್ದವು, ಅವನ್ನು ನಂಬಿ ಬೇ ಚೆಕರ್‌ಸ್ಪಾಟ್ ಎಂಬ ಚಿಟ್ಟೆ. ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಅದು 1987ರಲ್ಲಿ ಸೇರಿತು. ಕೆಲವು ಗುಡ್ಡಗಳಲ್ಲಿ, ಚಿಟ್ಟೆಗೆ ಒಳ್ಳೆಯದಾಗಲೆಂದು ದನಗಳನ್ನು ಹೊರಗಟ್ಟಿದರು. ಕೆಲವೇ ವರ್ಷದಲ್ಲಿ ಆ ಗುಡ್ಡಗಳ ಚಿಟ್ಟೆಯೇ ಇಲ್ಲವಾಯಿತು. ದನ ಮೇಯುತ್ತಿದ್ದ ಪಕ್ಕದ ಗುಡ್ಡದಲ್ಲಿ ಉಳಿಯಿತು. ಸ್ಟುವರ್ಟ್ ವೈಸ್ ಎಂಬ ವಿಜ್ಞಾನಿ 1999ರಲ್ಲಿ ಕಾರಣ ಬಿಡಿಸಿಟ್ಟರು. ಹೆದ್ದಾರಿಯ ಕಾರುಗಳ ಹೊಗೆಯಲ್ಲಿನ ಸಾರಜನಕ ಗಾಳಿಯಲ್ಲಿ ಬಂದು ಆ ಮಣ್ಣಿನ ಮೇಲೆ ಇಳಿಯುತ್ತಿತ್ತು, ಯಾರೂ ಹಾಕದ ಯೂರಿಯಾದ ಹಾಗೆ. ಗೊಬ್ಬರ ಸಿಕ್ಕ ಪರದೇಶಿ ಹುಲ್ಲು ಗುಡ್ಡ ಏರಿತು, ಚಿಟ್ಟೆಯ ಮರಿಹುಳು ತಿನ್ನುವ ಪುಟ್ಟ ಗಿಡವನ್ನು ನೆರಳಲ್ಲಿ ಹೂತುಹಾಕಿತು. ದನ ಇದ್ದಲ್ಲಿ ಆ ಹುಲ್ಲು ತಲೆ ಎತ್ತಲಿಲ್ಲ.

ರೋಗವನ್ನು ಹೊತ್ತು ತಂದವನೇ ಈಗ ಮದ್ದು ಅರೆಯುತ್ತಿದ್ದಾನೆ ಎಂದು ನನಗೆ ನಗು ಬಂತು. ಆದರೆ ಅಲ್ಲಿ ಹಿಂದೆ ಮೇಯುತ್ತಿದ್ದ ಎಲ್ಕ್ ಜಿಂಕೆಯ ಮಂದೆಗಳು ಹೋಗಿಯಾಗಿದೆ, ಹುಲ್ಲಿಗೆ ಬೆಂಕಿ ಕೊಟ್ಟು ಬಯಲನ್ನು ತೆರೆದಿಡುತ್ತಿದ್ದ ಒಹ್ಲೋನಿ ಜನರನ್ನು ನೆಲದಿಂದ ಎಬ್ಬಿಸಿಯಾಗಿದೆ. ಉಳಿದಿರುವ ಬಾಯಿ ಹಸುವಿನದು. ಅದರಲ್ಲೇ ಕೆಲಸ ತೆಗೆಯಬೇಕು. ದನ ಕುಡಿಯಲೆಂದು ತೋಡಿದ ಕಟ್ಟೆಗಳಲ್ಲಿ ಈಗ ಅಪರೂಪದ ಟೈಗರ್ ಸಲಮಾಂಡರ್ ಮೊಟ್ಟೆಯಿಡುತ್ತದೆ ಎಂಬುದು ಇನ್ನೊಂದು ಬೋನಸ್ಸು.

ಇಷ್ಟು ಕೇಳಿ ಯಾರಾದರೂ ‘ಹಾಗಾದರೆ ಎಲ್ಲ ಕಡೆ ದನ ಬಿಡಿ’ ಎಂದು ಎದ್ದು ಹೊರಟರೆ ನನ್ನ ಉಪನ್ಯಾಸ ಕೆಟ್ಟಿತು ಎಂದರ್ಥ. ಹಾಗೆ ಹೇಳುವವರು ಇದ್ದಾರೆ. ಜಿಂಬಾಬ್ವೆಯ ಆಲನ್ ಸೇವರಿ ದನಗಳ ಹಿಂಡು ಹೊಡೆದೇ ಮರುಭೂಮಿಯನ್ನು ಹಸಿರು ಮಾಡಬಹುದು, ಹವಾಮಾನವನ್ನೂ ಸರಿಪಡಿಸಬಹುದು ಎಂದು 2013ರಲ್ಲಿ ಮಾಡಿದ ಭಾಷಣ ಪ್ರಪಂಚವನ್ನೆಲ್ಲ ಸುತ್ತಿತು. ಒಳ್ಳೆಯ ಮಾತುಗಾರ. ಬಹಳ ವಿಜ್ಞಾನಿಗಳು ಆ ಲೆಕ್ಕವನ್ನು ಒಪ್ಪಿಲ್ಲ, ನಾನೂ ಒಪ್ಪುವುದಿಲ್ಲ. ಹಸುವಿಗೆ ಅಷ್ಟು ಭಾರ ಹೊರಿಸುವುದು ನ್ಯಾಯವಲ್ಲ.

ಕಾಡು ಬೇರೆ, ಕಾವಲು ಬೇರೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. 1968ರಲ್ಲಿ ಬಂಡೀಪುರ, ಮುದುಮಲೆಯ ಕಾಡಿನಲ್ಲಿ ದೊಡ್ಡರೋಗ ನುಗ್ಗಿ ಕಾಟಿಗಳು ರಾಶಿರಾಶಿ ಸತ್ತವು. ಊರ ದನದ ರೋಗ ಅದು. ದೊಡ್ಡರೋಗ 2011ರಲ್ಲಿ ಭೂಮಿಯಿಂದಲೇ ತೊಲಗಿತು. ನನ್ನ ವೃತ್ತಿಯವರ ಹೆಮ್ಮೆಯ ಸಂಗತಿ. ಕಾಲುಬಾಯಿ ಜ್ವರ ಹೋಗಿಲ್ಲ. ರೋಗದ ಜೊತೆಗೆ ಹುಲಿಯೊಡನೆ ಜಗಳವೂ ಇದೆ. 2025ರ ಜೂನಿನಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ತಾಯಿಹುಲಿಯೊಂದು ನಾಲ್ಕು ಮರಿಗಳೊಂದಿಗೆ ಸತ್ತು ಬಿದ್ದಿತ್ತು. ಹುಲಿ ಹಿಡಿದ ಹಸುವಿನ ಕಳೇಬರಕ್ಕೆ ವಿಷ ಬೆರೆಸಿದ್ದರು. ಮರುತಿಂಗಳೇ ಅರಣ್ಯ ಸಚಿವರು ಕಾಡಿನಲ್ಲಿ ಜಾನುವಾರು ಮೇಯಿಸುವುದನ್ನು ತಡೆಯಲು ಸೂಚಿಸಿದರು, ಕಾಡಂಚಿನ ಊರುಗಳಲ್ಲಿ ಗದ್ದಲವೆದ್ದಿತು. ಹುಲಿಯ ಕಾಡಿನ ವಿಷಯದಲ್ಲಿ ಎರಡೂ ಕಡೆಯ ಮಾತಿಗೆ ತೂಕವಿದೆ, ಅದು ಬೇರೆಯೇ ಒಂದು ಉಪನ್ಯಾಸ. ನನ್ನ ಅಳಲು ಏನೆಂದರೆ, ಕಾಡಿಗೆ ಹೊಲಿದ ಅಂಗಿಯನ್ನು ಹುಲ್ಲುಗಾವಲಿಗೂ ತೊಡಿಸುತ್ತೇವೆ. ಗಿಡಮರ ಇಲ್ಲದ ನೆಲ ನಮ್ಮ ಕಣ್ಣಿಗೆ ಏನೋ ಕಳೆದುಕೊಂಡ ನೆಲ.

ಕಂದಾಯದ ಭಾಷೆಯನ್ನೇ ನೋಡಿ: ‘ಖರಾಬು’. ‘ಹುಲ್ಲುಬನ್ನಿ ಖರಾಬು’ ಎಂದು ಪಹಣಿಯಲ್ಲಿ ಬರೆಯುತ್ತಾರೆ. ಹುಲ್ಲು ಬೆಳೆಯುವುದೇ ಒಂದು ಕೆಡುಕು ಎಂಬಂತೆ. ದೆಹಲಿಯವರು ನಕಾಶೆ ಮಾಡಿದಾಗ ಇಂಥ ನೆಲಗಳೆಲ್ಲ ‘ಬಂಜರು’ ಪಟ್ಟಿಗೆ ಹೋದವು. ಬಂಜರು ಎಂದ ಮೇಲೆ ಅಲ್ಲಿ ಏನಾದರೂ ನೆಡಲೇಬೇಕಲ್ಲ. ರಾಣೆಬೆನ್ನೂರಿನ ಬಯಲಲ್ಲಿ ನೀಲಗಿರಿ ನೆಟ್ಟರು. ಅದು ಕೃಷ್ಣಮೃಗಗಳ ನಾಡು, 1974ರಲ್ಲಿ ಅವುಗಳ ಅಭಯಾರಣ್ಯವೂ ಆಯಿತು. ಎರೆಭೂತ ಎಂದು ಬಯಲುಸೀಮೆಯವರು ಕರೆಯುವ, ಸುಮಾರು ಒಂದು ಮೀಟರ್ ಎತ್ತರದ ಹಕ್ಕಿ ಅಲ್ಲಿ ಓಡಾಡುತ್ತಿತ್ತು. ಮೈಲಿ ದೂರ ಕಣ್ಣು ಹಾಯದ ಕಡೆ ಆ ಹಕ್ಕಿ ನಿಲ್ಲುವುದಿಲ್ಲ. ಈಗ ರಾಣೆಬೆನ್ನೂರಿನಲ್ಲಿ ಅದಿಲ್ಲ. ನಾಡಿನಲ್ಲಿ ಉಳಿದ ಬೆರಳೆಣಿಕೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆಗೆ. ಮರ ನೆಟ್ಟು ಹಕ್ಕಿಯನ್ನು ಓಡಿಸಿದ ಕೀರ್ತಿ ನಮ್ಮದು.

ಇದನ್ನು ಮೊದಲು ಗುರುತಿಸಿ ಕೂಗಿದವರು ದನ ಇಟ್ಟುಕೊಂಡವರೇ. 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿಗೆ 30,000 ಹೆಕ್ಟೇರು ಸಾರ್ವಜನಿಕ ನೆಲವನ್ನು ನೀಲಗಿರಿ ಬೆಳೆಯಲು ಗೊತ್ತುಮಾಡಿದರು. ಸೌದೆ, ಸೊಪ್ಪು, ಮೇವಿಗೆ ಹಳ್ಳಿಗರು ನಂಬಿದ್ದ ನೆಲ. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ, ಸಮಾಜ ಪರಿವರ್ತನ ಸಮುದಾಯದ ಮುಂದಾಳುತನದಲ್ಲಿ ಜನ ಸೇರಿ, ನೀಲಗಿರಿ ಸಸಿ ಕಿತ್ತು ಉಪಯೋಗದ ಗಿಡ ನೆಟ್ಟರು. ‘ಕಿತ್ತಿಕೊ-ಹಚ್ಚಿಕೊ’ ಎಂದು ಅದಕ್ಕೆ ಹೆಸರು. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯಲ್ಲಿ ಶಿವರಾಮ ಕಾರಂತರ ಸಹಿ ಇತ್ತು. ಕೆಲವು ವರ್ಷದಲ್ಲಿ ಕಂಪನಿಯೇ ಮುಚ್ಚಿತು. ಆ ಹೋರಾಟವನ್ನು ಪರಿಸರ ಚಳವಳಿ ಎಂದು ಪುಸ್ತಕಗಳಲ್ಲಿ ಬರೆದಿದ್ದಾರೆ, ಸರಿಯೇ. ನನಗೆ ಅದು ಮೇವಿನ ಜಗಳವಾಗಿಯೂ ಕಾಣುತ್ತದೆ.

ಚಳ್ಳಕೆರೆಯ ಕಥೆ ನಿಮಗೆ ಗೊತ್ತಿರುವುದೇ, ಬೇಗ ಹೇಳಿ ಮುಗಿಸುತ್ತೇನೆ. ಕುದಾಪುರ, ವರವು, ಉಳ್ಳಾರ್ತಿಯ ಸುತ್ತಿನ ಅಮೃತಮಹಲ್ ಕಾವಲುಗಳಲ್ಲಿ ಸುಮಾರು 10 ಸಾವಿರ ಎಕರೆಯನ್ನು ವಿಜ್ಞಾನ, ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶದ ಸಂಸ್ಥೆಗಳಿಗೆ ಹಂಚಿದರು. ಭಾರತೀಯ ವಿಜ್ಞಾನ ಸಂಸ್ಥೆಯೊಂದಕ್ಕೇ 1,500 ಎಕರೆ. ಕುರಿಗಾರರು, ದನಗಾರರು ಹಸಿರು ನ್ಯಾಯಮಂಡಳಿಯವರೆಗೂ ಹೋದರು. ದೇಶಕ್ಕೆ ಆ ಸಂಸ್ಥೆಗಳು ಬೇಡವೆಂದು ನಾನು ಹೇಳಲಾರೆ. ಆದರೆ ಜಾಗ ಹುಡುಕುವಾಗ ಕಾವಲು ‘ಖಾಲಿ’ಯಾಗಿ ಕಂಡದ್ದು ಹೇಗೆ? ಹಿಂಡು ಅಂದು ಇನ್ನೊಂದು ಕಾವಲಿನಲ್ಲಿ ಇದ್ದಿರಬೇಕು. ನೆಲ ಉಸಿರಾಡುವ ಹೊತ್ತನ್ನು ಅಧಿಕಾರಿಗಳು ಖಾಲಿ ಎಂದು ಓದಿದರು.

ಒಳ್ಳೆಯದೂ ಆಗಿದೆ. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಣೆಯಾಯಿತು. ಏಳು ಚದರ ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಕೃಷ್ಣಮೃಗ, ತೋಳ, ಚಳಿಗಾಲಕ್ಕೆ ದೂರದೇಶದಿಂದ ಬಂದು ಹುಲ್ಲಿನಲ್ಲೇ ರಾತ್ರಿ ತಂಗುವ ಸೆಳೆವ ಹಕ್ಕಿಗಳು ಅಲ್ಲಿವೆ. ನಾನು ಕೇಳುವುದು ಇಷ್ಟೇ: ಮುನ್ನೂರು ವರ್ಷ ಆ ಹುಲ್ಲನ್ನು ತೋಳ ಮತ್ತು ಕೃಷ್ಣಮೃಗಕ್ಕೆ ತಕ್ಕ ಎತ್ತರದಲ್ಲಿ ಇಟ್ಟದ್ದು ಯಾರು? ಅಂಥ ನೆಲಕ್ಕೆ ಯೋಜನೆ ಬರೆಯುವವರು ದನದ ಮಾತನ್ನು ‘ಅಡಚಣೆ’ ಎಂಬ ಅಧ್ಯಾಯಕ್ಕೆ ತಳ್ಳಬಾರದು.

ಕಾಯುವವರು ಎಲ್ಲಿದ್ದಾರೆ ಎಂದು ನೀವು ಕೇಳಬಹುದು. ನಿಜವಾದ ಪ್ರಶ್ನೆ. ಹಳ್ಳಿಯಲ್ಲಿ ಇಂದಿನ ಹಸು ಸೀಮೆಹಸು; ಕೊಟ್ಟಿಗೆಯಲ್ಲೇ ನಿಂತು, ಡೈರಿ ಹಿಂಡಿ ತಿನ್ನುತ್ತದೆ. ಬಿಸಿಲಿಗೆ ಬಿಟ್ಟರೆ ನನಗೆ ಫೋನು ಬರುತ್ತಿತ್ತು. ಹುಡುಗರು ಶಾಲೆಗೆ ಹೋಗುತ್ತಾರೆ, ಹೋಗಲೇಬೇಕು. ಹಿಂಡು ಹಿಂಡಾಗಿ ಹೊರಡುವುದು ಈಗ ಕುರಿಗಳು ಮಾತ್ರ. ಅತ್ತ ಕ್ಯಾಲಿಫೋರ್ನಿಯಾದಲ್ಲೂ ದನಗಾರರ ಮನೆಯ ಮಕ್ಕಳು ಬೇರೆ ಕೆಲಸ ನೋಡಿಕೊಳ್ಳುತ್ತಿದ್ದಾರೆ, ಪಾರ್ಕಿಗೆ ಬರುವವರು ಶೂಗೆ ಸಗಣಿ ಮೆತ್ತಿತೆಂದು ದೂರುತ್ತಾರೆ. ವ್ಯತ್ಯಾಸವೆಂದರೆ ಅಲ್ಲಿ ದನ ಮೇಯಿಸುವವನು ಗುಡ್ಡಕ್ಕೆ ಒಂದು ಸೇವೆ ಮಾಡುತ್ತಿದ್ದಾನೆಂದು ಕಾಗದದ ಮೇಲೆ ಒಪ್ಪಿಕೊಂಡಿದ್ದಾರೆ. ನಮ್ಮಲ್ಲಿ ಅವನು ಅತಿಕ್ರಮಣಕಾರ, ಇಲ್ಲವೇ ಫಲಾನುಭವಿ.

ನಮ್ಮ ಕಾನೂನಿಗೂ ಒಂದು ಅಳತೆಯಿದೆ. 1966ರ ಕರ್ನಾಟಕ ಭೂಕಂದಾಯ ನಿಯಮಗಳ 97ನೆಯ ನಿಯಮದ ಪ್ರಕಾರ ಊರಿನ ನೂರು ಜಾನುವಾರಿಗೆ 12 ಹೆಕ್ಟೇರು ಗೋಮಾಳ ಬಿಡಬೇಕು. ಬಹಳ ಊರುಗಳಲ್ಲಿ ಅದು ನಿವೇಶನ, ಆಶ್ರಯ ಮನೆ, ಬಗರ್‌ಹುಕುಂ ಆಗಿ ಕರಗಿದೆ. ಇರುವ ಕಡೆಯೂ ಈ ಲೆಕ್ಕದಲ್ಲಿ ದನ ಇದೆ, ಎಕರೆ ಇದೆ; ಹುಲ್ಲು ಇಲ್ಲ. ಆ 12 ಹೆಕ್ಟೇರಿನಲ್ಲಿ ಡಿಸೆಂಬರಿಗೆ ಏನು ಉಳಿದಿದೆ ಎಂದು ಯಾವ ಕಡತವೂ ಕೇಳುವುದಿಲ್ಲ.

ಅಮೆರಿಕದಿಂದ ಬಂದ ವರ್ಷ ಜನವರಿಯಲ್ಲಿ ನಾನೇ ಅಳೆಯಲು ಹೊರಟೆ. ಬಡಗಿಯಿಂದ ಒಂದು ಮೀಟರ್ ಚೌಕದ ರೀಪರಿನ ಚೌಕಟ್ಟು ಮಾಡಿಸಿದೆ; ಅದರೊಳಗಿನ ಒಣಹುಲ್ಲು ಎಷ್ಟು ಗ್ರಾಂ ಇದೆಯೋ ಅದರ ಹತ್ತರಷ್ಟು ಕಿಲೊ ಒಂದು ಹೆಕ್ಟೇರಿಗೆ, ಲೆಕ್ಕ ಸುಲಭ. ಹೈಸ್ಕೂಲಿನ ಇಬ್ಬರು ಹುಡುಗರು ಜೊತೆಗೆ ಬಂದರು. ಮೊದಲು ಊರ ಸ್ಮಶಾನ. ಅದಕ್ಕೆ ತಂತಿ ಬೇಲಿ ಹಾಕಿ ಎಂಟು ವರ್ಷವಾಗಿತ್ತು, ಒಂದು ಮೇಕೆಯೂ ಒಳಗೆ ಹೋಗಿರಲಿಲ್ಲ. ಚೌಕಟ್ಟನ್ನು ನೆಲಕ್ಕೆ ಮುಟ್ಟಿಸುವುದೇ ಕಷ್ಟವಾಯಿತು. ಮೇಲೆ ಒರಟು ಹುಲ್ಲಿನ ಚಾಪೆ, ನಡುವೆ ಲಂಟಾನ, ಕೆಳಗೆ ಬೂಷ್ಟು. ಚೀಲ ತುಂಬಿತು. ಆಮೇಲೆ ರಸ್ತೆಯ ಆಚೆಗಿನ ಗೋಮಾಳ. ಮೂರು ಊರಿನ ಕುರಿ ಬೀಳುವ ಜಾಗ, ಯಾರ ಸರದಿ ಎಂಬ ಮಾತೇ ಇಲ್ಲ. ಹುಡುಗರು ಮೊಣಕಾಲೂರಿ ಬ್ಲೇಡಿನಲ್ಲಿ ಹೆರೆದರು. ಬಂದದ್ದು ಒಂದು ಹಿಡಿ, ಅದರಲ್ಲೂ ಅರ್ಧ ಮಣ್ಣು.

ಎರಡು ಚೀಲವನ್ನೂ ತೂಗಿಸಲು ಬಸ್‌ಸ್ಟ್ಯಾಂಡಿನ ಪಕ್ಕದ ದಿನಸಿ ಅಂಗಡಿಗೆ ಹೋದೆವು. ಸ್ಮಶಾನದ ಚೀಲಕ್ಕೆ ತಕ್ಕಡಿ ಧಡಕ್ಕನೆ ಇಳಿಯಿತು. ಗೋಮಾಳದ ಚೀಲಕ್ಕೆ ಮುಳ್ಳು ಅಲುಗಲೇ ಇಲ್ಲ. ಅಂಗಡಿಯ ಶೆಟ್ಟರು ಒಮ್ಮೆ ಚೀಲದೊಳಗೆ ಇಣುಕಿ, ಒಮ್ಮೆ ನನ್ನ ಮುಖ ನೋಡಿ, ಹುಡುಗರ ಕಡೆ ತಿರುಗಿದರು.

‘ಏನ್ರೋ, ಡಾಕ್ಟ್ರು ಇದನ್ನ ಯಾರಿಗೆ ಮಾರ್ತಾರಂತೆ?’